ಒಲೆಯ ಪಕ್ಕದ ಇಂಟರ್‌ಫೆರಾನ್

ಎಲ್ಲರೂ ಅಕ್ಕೋರು ಎಂದು ಕರೆಯುತ್ತಿದ್ದ ಅವರು ಜೇವರ್ಗಿ ಬಸ್ ನಿಲ್ದಾಣದ ಎದುರು ಖಾನಾವಳಿ ನಡೆಸುತ್ತಿದ್ದರು. ಬಾಯಿಯ ಕ್ಯಾನ್ಸರಿನಿಂದ ಅವರ ದವಡೆ ಎರಡು ಬೆರಳಿನಷ್ಟೇ ತೆರೆಯುತ್ತಿತ್ತು. ಆದರೂ ರೊಟ್ಟಿ ಬಡಿಯುತ್ತ ಎಲ್ಲರನ್ನೂ ಗದರಿಸುತ್ತಿದ್ದರು. ಎಂಬತ್ತರ ದಶಕದಲ್ಲಿ ಇಂಟರ್‌ಫೆರಾನ್ ಎಂಬ ಹೊಸ ಚುಚ್ಚುಮದ್ದಿನ ಪ್ರಯೋಗಕ್ಕೆ ಅವರು ಸೇರಿದ್ದರು. ಗುಲ್ಬರ್ಗದಿಂದ ಔಷಧದ ಸೀಸೆಯನ್ನು ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿ ತರುವುದು, ಆಮೇಲೆ ಅವರ ಜ್ವರ ಬರೆದುಕೊಳ್ಳುವುದು ಪ್ರಯೋಗದ ಸಹಾಯಕಿಯಾಗಿದ್ದ ನನ್ನ ಕೆಲಸ. ಪ್ರತಿ ಸಲವೂ ಅವರಿಗೆ ಚಳಿಜ್ವರ ಬರುತ್ತಿತ್ತು.

“ಬರಕೋ ತಂಗಿ, ಒಂದ್ ಡಿಗ್ರೀನೂ ಬಿಡಬ್ಯಾಡ,” ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ನರ್ಸ್ ಬರುವುದು ತಡವಾಯಿತು. ಥರ್ಮಾಸನ್ನು ಅವರ ಬಳಿ ಬಿಟ್ಟು ನಾನು ನರ್ಸನ್ನು ಕರೆತರಲು ಹೋದೆ. ಅದು ನನ್ನ ತಪ್ಪು. ಮರಳಿದಾಗ ಸೀಸೆ ಒಲೆಯ ಪಕ್ಕದಲ್ಲಿತ್ತು.

“ಬರ್ಫದಾಗಿಂದು ಮೈಯಾಗ ಹೊಕ್ರ ಚಳಿ ಬರಲಾರದ ಏನ್ ಬರ್ತದ? ಅದಕ್ಕ ಸ್ವಲ್ಪ ಕಾಸೀನಿ,” ಎಂದರು.

“ಅಕ್ಕೋರೆ, ಚಳಿ ಬರ್ಫದಿಂದ ಅಲ್ರಿ, ಔಷಧದಿಂದ ಬರ್ತದ. ಈಗ ಕಾಸಿದ್ದಕ್ಕ ಅದು ಕೆಟ್ಟೋತು.”

ಅಂದಿನ ಡೋಸ್ ಅಂದೇ ಆಗದಿದ್ದರೆ ಡಾಕ್ಟರು ಪ್ರಯೋಗದಿಂದ ಹೆಸರು ತೆಗೆಯುತ್ತಿದ್ದರು. ಇದು ಅಕ್ಕೋರಿಗೂ ಗೊತ್ತಿತ್ತು. ಹಿಟ್ಟಿನ ಕೈ ತೊಳೆದು ಒಲೆಗೆ ನೀರು ಸುರಿದರು.

“ಅಕ್ಕೋರೆ, ನಮ್ಮ ಹೊಟ್ಟಿ?” ಎಂದ ಊಟಕ್ಕೆ ಕುಳಿತಿದ್ದ ಲಾರಿ ಡ್ರೈವರ್.

“ನಿನ್ನ ಹೊಟ್ಟಿ ನಾಳಿತನ ತಡೀತದಲೇ. ನನ್ನ ಬಾಯಿ ತಡ್ಯಂಗಿಲ್ಲ.”

ಮುಂದಿನ ಬಸ್ಸಿಗೇ ಗುಲ್ಬರ್ಗಕ್ಕೆ ಹೋದೆವು; ಅಲ್ಲಿ ಹೊಸ ಸೀಸೆಯಿಂದ ಚುಚ್ಚುಮದ್ದು ಕೊಟ್ಟರು. ಸಂಜೆ ಆಸ್ಪತ್ರೆಯ ಮಂಚದ ಮೇಲೆ, ಎರಡು ಕಂಬಳಿಯೊಳಗೂ ನಡುಗುತ್ತ, ಅವರು ನನ್ನ ಕೈ ಹಿಡಿದು ನಕ್ಕರು.

“ಬಂತ್ ನೋಡ್ ತಂಗಿ, ಚಳಿ! ಈ ಸೀಸೆ ಕೆಟ್ಟಿಲ್ಲ.”