ನಾಲ್ಕು ಊರಿನ ದಾಲ್ಚಿನ್ನಿ

ಗಜೇಂದ್ರಗಡದ ನೇಕಾರರ ಓಣಿಗೆ ಖಾತುನಬಿಯ ಮೂಗು ಅಂದರೆ ತಕ್ಕಡಿ ಇದ್ದಂತೆ. ತುಪ್ಪಕ್ಕೆ ಡಾಲ್ಡಾ ಕೂಡಿದೆಯೋ ಇಲ್ಲವೋ, ಬೆಲ್ಲ ಹೋದ ವರ್ಷದ್ದೋ ಈ ವರ್ಷದ್ದೋ, ಅವಳು ಒಮ್ಮೆ ಮೂಸಿ ಹೇಳಿದಳೆಂದರೆ ಮುಗಿಯಿತು. ಇನ್ನೊಬ್ಬರನ್ನು ಕೇಳುವ ರೂಢಿಯೇ ಇರಲಿಲ್ಲ.

ಅವಳು ಸೂಡಿ ಊರಿನ ಮಗಳು. ಗಂಡ ಮೈನುದ್ದೀನ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಅವನು ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ಅವನೇ ಕೈಯಾರೆ ಕಲಾಯಿ ಹಾಕಿದ್ದ ಒಂದು ದೊಡ್ಡ ಪಾತೇಲಿ. ಆ ಪಾತೇಲಿಯಿಂದಲೇ ಖಾತುನಬಿಯ ಬದುಕು ನಡೆಯಿತು. ನೇಕಾರರು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂಡ್ರುವ ಜನ. ಮಳೆಗಾಲದಲ್ಲಿ ಆ ಕುಣಿ ಬಾವಿಯ ತಳದ ಹಾಗೆ ತಂಪು. ಹೊತ್ತು ಏರುವುದರೊಳಗೆ ಮೊಣಕಾಲು ಹಿಡಿಯುತ್ತದೆ. ಅವರಿಗೆಂದು ಅವಳು ದಿನಾ ಬೆಳಗ್ಗೆ ದಾಲ್ಚಿನ್ನಿ ಕಷಾಯ ಕಾಸುತ್ತಿದ್ದಳು. ಜೊತೆಗೆ ಒಂದೊಂದು ಬಟ್ಟಲು ಗೋಧಿ ಸಜ್ಜಕ, ಮೇಲೆ ಚಿಟಿಕೆ ದಾಲ್ಚಿನ್ನಿ ಪುಡಿ. ಹದಿನಾಲ್ಕು ಮನೆಯವರು ಅದನ್ನು ತಿಂದು ಕುಡಿದ ಮೇಲೆಯೇ ಲಾಳಿ ಹಿಡಿಯುತ್ತಿದ್ದರು.

ಅಳತೆಯಲ್ಲಿ ಅವಳು ಬಿಗಿ. ಮೂರು ತಂಬಿಗೆ ನೀರಿಗೆ ಹೆಬ್ಬೆರಳುದ್ದದ ಎರಡು ಚಕ್ಕೆ. ಒಣಶುಂಠಿ, ಜೀರಿಗೆ, ಬೆಲ್ಲ, ಕೊನೆಗೆ ಹಾಲು. ಮನೆಯಲ್ಲಿ ಗಡಿಯಾರವಿರಲಿಲ್ಲ. ಗೋಡೆಯಾಚೆ ಮುದಿಯಪ್ಪನ ಮಗ್ಗ ಎಲ್ಲರಿಗಿಂತ ಮೊದಲೇ ಶುರುವಾಗುತ್ತಿತ್ತು. ನೀರು ಕುದಿ ಬಂದ ಮೇಲೆ ಆ ಮಗ್ಗದ ಇನ್ನೂರು ಏಟು ಎಣಿಸಿ ಚಕ್ಕೆ ತೆಗೆಯುತ್ತಿದ್ದಳು. ಇನ್ನೂರಾ ಐದು ಆಗಲು ಬಿಡುತ್ತಿರಲಿಲ್ಲ.

ಎರಡು ಸಾವಿರದ ಆರನೇ ಇಸವಿಯ ಮಳೆಗಾಲದಲ್ಲಿ ಊರಿಗೆಲ್ಲ ಕೀಲು ಹಿಡಿಯುವ ಜ್ವರ ಬಂತು. ಖಾತುನಬಿಯೂ ಹತ್ತು ದಿನ ಹಾಸಿಗೆ ಹಿಡಿದಳು. ಜ್ವರದ ಜೊತೆ ತಲೆಯೊಳಗೆ ಹತ್ತಿ ತುರುಕಿದಂಥ ನೆಗಡಿ. ಹನ್ನೊಂದನೇ ದಿನ ಎದ್ದು ಒಲೆ ಹೊತ್ತಿಸಿ ಇನ್ನೂರು ಏಟು ಎಣಿಸಿದಳು. ಕಷಾಯದ ಉಗಿ ಮುಖಕ್ಕೆ ಬಡಿಯಿತು. ಆದರೆ ಅದರಲ್ಲಿ ದಾಲ್ಚಿನ್ನಿ ಇರಲಿಲ್ಲ. ಬರೀ ಬಿಸಿ.

ಒಂದು ಗುಟುಕು ಕುಡಿದಳು. ಬೆಲ್ಲದ ಸಿಹಿ ಬಂತು, ಶುಂಠಿಯ ಖಾರ ಬಂತು, ನಡುವಿನದು ಬರಲಿಲ್ಲ. ಹಿಂದಿನ ದಿನ ಅಂಗಡಿಯಿಂದ ತರಿಸಿದ್ದ ಪೊಟ್ಟಣದಿಂದ ಇನ್ನೊಂದು ಚಕ್ಕೆ ತೆಗೆದು ಬಿಸಿಲಿಗೆ ಹಿಡಿದು ತಿರುವಿ ನೋಡಿದಳು. 'ಒಮ್ಮೆ ಕುದಿಸಿದ್ದನ್ನೇ ಒಣಗಿಸಿ ಮತ್ತೆ ಮಾರುತ್ತಾನೆ' ಎಂಬ ಸಂಶಯ ಆಗ ಹುಟ್ಟಿತು. ಹತ್ತು ದಿನ ತಾನು ಮಲಗಿದ್ದು ಅವನಿಗೆ ಗೊತ್ತಿತ್ತಲ್ಲ!

ಅವನು ಅಂದರೆ ಬಜಾರದ ಮಸಾಲೆ ಅಂಗಡಿಯ ಮೋದಿನಸಾಬ. ಮೈನುದ್ದೀನನ ಗೆಳೆಯ. ಹತ್ತೊಂಬತ್ತು ವರ್ಷದಿಂದ ಅವಳು ದಾಲ್ಚಿನ್ನಿ ಕೊಂಡದ್ದು ಅವನೊಬ್ಬನಲ್ಲಿಯೇ. ಅವನ ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದಾಗಲೇ ಹೋಗಿ ಚಕ್ಕೆಯನ್ನು ತಕ್ಕಡಿಯ ಮೇಲೆ ಒಗೆದಳು.

"ಇದು ದಾಲ್ಚಿನ್ನಿ ಏನ ಒಲಿ ಕಟಗಿ?"

"ಯಾಕ ಭಾಬಿ? ಮೊನ್ನೆ ಹೊಸಾ ಗಂಟ ಬಿಚ್ಚಿದ ಮಾಲದು."

"ಬಿಚ್ಚಿದ್ದೋ, ಬೇಯಿಸಿ ಒಣಗಿಸಿದ್ದೋ? ಮೂಗ ಇಟ್ಟು ನೋಡು!"

ಮೋದಿನಸಾಬ ಮೂಸಿದ. "ಘಮ್ಮಂತೈತಲ್ಲಬೇ!"

ಪಕ್ಕದಲ್ಲಿದ್ದ ಒಬ್ಬ ಗಿರಾಕಿ ಮೂಸಿ "ಬರತೈತ್ರಿ" ಅಂದ. ಖಾತುನಬಿ ಅವನ ಕಡೆ ದಿಟ್ಟಿಸಿದಳು. ಅವನು ಮತ್ತೊಮ್ಮೆ ಮೂಸಿ, "ಬರತೈತೇನೋ... ಬರಂಗಿಲ್ಲೇನೋ... ನಮಗೇನ ಗೊತ್ತಾಗತೈತ್ರಿ, ಅವ್ವಗ ಗೊತ್ತು" ಎಂದು ಚಕ್ಕೆಯನ್ನು ಮೆಲ್ಲಗೆ ಕೆಳಗಿಟ್ಟ.

ಸಂಜೆಯೊಳಗೆ ಸುದ್ದಿ ಓಣಿ ತುಂಬಿತು. ಮೋದಿನಸಾಬನ ಅಂಗಡಿಯ ಲವಂಗ, ಮೆಣಸು, ಯಾಲಕ್ಕಿ ಎಲ್ಲದರ ಮೇಲೂ ಗುಮಾನಿ ಬಂತು. ಮನೆಯಲ್ಲಿದ್ದ ಮಸಾಲೆ ಹೆಂಗಸರ ಮೂಗಿಗೆ ಸರಿಯಾಗಿಯೇ ಇತ್ತು. ಆದರೂ ಖಾತುನಬಿ ಇಲ್ಲ ಅಂದಳೆಂದ ಮೇಲೆ ತಮ್ಮ ಮೂಗನ್ನು ನಂಬುವ ಧೈರ್ಯ ಯಾರಿಗೆ? ಪೊಟ್ಟಣ ಕಟ್ಟಿ ವಾಪಸು ಕೊಟ್ಟು ಬಂದರು. ತಿಂಗಳೊಪ್ಪತ್ತಿನಲ್ಲಿ ನೇಕಾರರ ಓಣಿಯಿಂದ ಅವನ ಅಂಗಡಿಗೆ ಹೋಗುವವರೇ ನಿಂತರು. ದಾರಿಯಲ್ಲಿ ಎದುರಾದರೆ ಅವನು ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಆಚೆ ಮುಖ ಮಾಡುತ್ತಿದ್ದ. 'ತಪ್ಪಿಲ್ಲದವ ಮುಖ ಯಾಕೆ ತಿರುವಬೇಕು?' ಎಂದು ಅವಳು ಅದನ್ನೂ ಸಾಕ್ಷಿಗೆ ಸೇರಿಸಿಕೊಂಡಳು.

ಬೇರೆ ಅಂಗಡಿಯ ಚಕ್ಕೆ ತಂದಳು. ಅದೂ ಮೂಗಿಗೆ ಹತ್ತಲಿಲ್ಲ. ಎರಡು ಹಾಕುವಲ್ಲಿ ನಾಲ್ಕು ಹಾಕಿದಳು, ಆಮೇಲೆ ಆರು. ಕುಡಿಯುವವರ ಮುಖ ನೋಡಿದಳು. ಕಣ್ಣು ಕಿರಿದು ಮಾಡಿ ನುಂಗಿ, ಲೋಟ ಹಿಡಿದು ಬಾಗಿಲಾಚೆ ಹೋಗಿ, ಖಾಲಿ ಲೋಟ ತಂದಿಡುತ್ತಿದ್ದರು. ಇವರೂ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿತು.

ಖಾತುನಬಿ ಅವಸರದ ಹೆಂಗಸಲ್ಲ. ಕಳ್ಳನನ್ನು ಹಿಡಿಯಬೇಕಾದರೆ ಹಿಡಿಯುವ ಹಾಗೆಯೇ ಹಿಡಿಯಬೇಕು. ಒಂದು ದಿನ ಬಸ್ಸು ಹತ್ತಿ ನರೇಗಲ್ಲಿಗೆ ಹೋಗಿ ಒಂದು ತೊಲೆ ದಾಲ್ಚಿನ್ನಿ ತಂದಳು. ಮತ್ತೊಂದು ದಿನ ರೋಣಕ್ಕೆ. ಇನ್ನೊಂದು ದಿನ ಬುತ್ತಿ ಕಟ್ಟಿಕೊಂಡು ನರಗುಂದಕ್ಕೆ. ಕಲಸಿ ಹೋಗಬಾರದೆಂದು ಮುದಿಯಪ್ಪನ ಮನೆಯಿಂದ ತುಂಡು ನೂಲು ಬೇಡಿ ತಂದು ಒಂದೊಂದು ಊರಿಗೆ ಒಂದೊಂದು ಬಣ್ಣ ಕಟ್ಟಿದಳು: ಮೋದಿನಸಾಬನದಕ್ಕೆ ಕೆಂಪು, ನರೇಗಲ್ಲಿಗೆ ಹಳದಿ, ರೋಣಕ್ಕೆ ಹಸಿರು, ನರಗುಂದಕ್ಕೆ ಕರಿ. ಅದೇ ಪಾತೇಲಿಯಲ್ಲಿ, ಅಷ್ಟೇ ನೀರಿನಲ್ಲಿ, ಅಷ್ಟೇ ಏಟು ಎಣಿಸಿ ಒಂದಾದ ಮೇಲೊಂದು ಕುದಿಸಿ, ಅದದೇ ಬಣ್ಣದ ನೂಲು ಕಟ್ಟಿದ ಲೋಟಕ್ಕೆ ಬಸಿದಳು. ಒಂದೊಂದಕ್ಕೂ ಪಾತೇಲಿ ತಿಕ್ಕಿ ತೊಳೆದಳು.

ನಾಲ್ಕೂ ಮೂಗಿಗೆ ಮೂಕ.

ಮೋದಿನಸಾಬ ಕಳ್ಳ, ಒಪ್ಪಿದಳು. ನರೇಗಲ್ಲಿನವನೂ ಕಳ್ಳನಿರಬಹುದು. ರೋಣದವನೂ ಇರಲಿ. ಆದರೆ ಯಾರಿಗೂ ಗುರುತಿಲ್ಲದ ಮುದುಕಿಯೊಬ್ಬಳು ಇಂಥ ದಿನ ನರಗುಂದದಲ್ಲಿ ಬಸ್ಸಿಳಿದು ಇಂಥ ಅಂಗಡಿಗೇ ಬರುತ್ತಾಳೆಂದು ಅವರೆಲ್ಲ ಮಾತಾಡಿಕೊಳ್ಳಲು ಸಾಧ್ಯವೇ? ನಾಲ್ಕು ಲೋಟಗಳ ಮುಂದೆ ಕುಳಿತು ಇದನ್ನೇ ಯೋಚಿಸುತ್ತಿದ್ದಾಗ ಮುದಿಯಪ್ಪನ ಹೆಂಡತಿ ಕಲ್ಲವ್ವ ಒಳಗೆ ಬಂದಳು. ಬಾಗಿಲಲ್ಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಅಯ್ಯ ಖಾತುನವ್ವಾ, ಏನ ಕುದಸಾಕ ಹತ್ತೀಬೇ? ಓಣಿ ತುಂಬ ದಾಲ್ಚಿನ್ನಿ! ನನ್ನ ತಲಿ ಸಿಡ್ಯಾಕ ಹತ್ತೇತಿ."

ಖಾತುನಬಿ ಅವಳ ಮುಖವನ್ನೇ ನೋಡಿದಳು. ಕಲ್ಲವ್ವ ಚೇಷ್ಟೆ ಮಾಡುವವಳು. ಆದರೆ ಕಣ್ಣಲ್ಲಿ ನೀರು ಬಂದಿತ್ತು, ಅದು ಚೇಷ್ಟೆಗೆ ಬರುವ ನೀರಲ್ಲ.

"ಯಾವ ಲೋಟದ್ದು ಜೋರ ಐತಿ?"

ಕಲ್ಲವ್ವ ಬಗ್ಗಿ ಕೆಂಪು ನೂಲಿನ ಲೋಟ ತೋರಿಸಿದಳು. "ಇದು. ಯಾವ ಊರದಿದು? ನನಗೂ ತರಿಸಿಕೊಡಬೇ."

ಅವಳು ಹೋದ ಮೇಲೆ ಖಾತುನಬಿ ಬಾಗಿಲು ಮುಚ್ಚಿದಳು. ಇಂಗಿನ ಡಬ್ಬಿ ತೆರೆದು ಮೂಗಿಗಿಟ್ಟಳು. ಏನೂ ಇಲ್ಲ. ಬೆಳ್ಳುಳ್ಳಿ ಜಜ್ಜಿದಳು. ಏನೂ ಇಲ್ಲ. ತನ್ನ ತಲೆದಿಂಬು ಮೂಸಿದಳು, ಗಂಡನ ಹಳೆಯ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು ಮೂಸಿದಳು. ಅಂಗಿಯನ್ನು ಬಹಳ ಹೊತ್ತು ಮುಖಕ್ಕೆ ಹಿಡಿದಿದ್ದಳು. ಅದು ಬರೀ ಬಟ್ಟೆಯಾಗಿತ್ತು.

ಕಳ್ಳ ಸಿಕ್ಕಿದ್ದ, ಹಣೆಯ ಕೆಳಗೇ ಕುಳಿತಿದ್ದ.

ಎರಡು ದಿನ ಅವಳು ಯಾರಿಗೂ ಹೇಳಲಿಲ್ಲ. ಮೂಗಿಲ್ಲದವಳ ಕೈಯ ಅಡಿಗೆ ಯಾರು ತಿಂದಾರು? ಹಾಲು ಕೆಟ್ಟರೂ ತಿಳಿಯದವಳೆಂದು ಹದಿನಾಲ್ಕು ಮನೆಯೂ ದೂರ ಸರಿದರೆ ಒಲೆ ಆರೀತು. ಸುಮ್ಮನಿದ್ದರೆ ತನ್ನ ಒಲೆ ಉಳಿಯುತ್ತದೆ. ಮೋದಿನಸಾಬ ಕಳ್ಳನಾಗಿಯೇ ಉಳಿಯುತ್ತಾನೆ. ಮೂರನೆಯ ದಿನ ಕಷಾಯ ಹಂಚಿ ಪಾತೇಲಿ ಬೋರಲು ಹಾಕಿ, ಸೆರಗು ಹೊದ್ದು, ಬಜಾರದಲ್ಲಿ ಜನ ತುಂಬುವ ಹೊತ್ತು ನೋಡಿಕೊಂಡು ಹೊರಟಳು.

ಮೋದಿನಸಾಬ ತಲೆ ಎತ್ತಲಿಲ್ಲ. "ಇವತ್ತ ಯಾವುದರಾಗ ಕಳವು ಸಿಕ್ಕೈತಿ? ಉಪ್ಪಿನ್ಯಾಗೋ?"

"ಕಳವು ನಿಂದಲ್ಲ. ನನ್ನ ಮೂಗ ಸತ್ತೈತಿ."

ಅವನು ಈಗ ನೋಡಿದ. ನಂಬಿಕೆಯ ನೋಟವಲ್ಲ. "ಯಾರು ಹೇಳಿ ಕಳಿಸ್ಯಾರ? ಇವತ್ತ ಹಿಂಗಂತೀ, ನಾಳೆ ಮೋದಿನಸಾಬ ಮುದುಕಿಗೆ ಹೆದರಿಸಿ ಹೇಳಿಸಿದಾ ಅಂತೀ."

"ಪರೀಕ್ಷಾ ಮಾಡು."

"ಕಣ್ಣ ಮುಚ್ಚು ಹಂಗಾರ."

ಮುಚ್ಚಿದಳು. ಸುತ್ತ ಜನ ಕೂಡಿದ ಸಪ್ಪಳ ಕೇಳಿತು.

"ಇದು ಏನು?"

"ಏನೂ ಹಿಡಿದಿಲ್ಲ ನೀನು. ಸುಮ್ನ ಬರೇ ಕೈ ತಂದೀ, ನನ್ನ ಹುಚ್ಚಿ ಮಾಡಾಕ."

ಯಾರೂ ನಗಲಿಲ್ಲ. ಕಣ್ಣು ತೆರೆದಳು. ಮೂಗಿನಿಂದ ಬೆರಳಷ್ಟು ದೂರದಲ್ಲಿ, ಸೀಮೆಎಣ್ಣೆ ತೊಟ್ಟಿಕ್ಕುವ ಅರಿವೆ ಇತ್ತು. ಮೋದಿನಸಾಬ ಅದನ್ನು ತಟ್ಟನೆ ಹಿಂದಕ್ಕೆ ತೆಗೆದುಕೊಂಡ.

"ಭಾಬಿ, ಬಿಡು. ನನಗ ತಿಳೀತು. ಹೊರಗ ಹೇಳಬ್ಯಾಡ, ನಿನ್ನ ಹೊಟ್ಟಿ ಮ್ಯಾಲ ಕಲ್ಲ ಬೀಳತೈತಿ."

"ಇಲ್ಲೇ ನಿಂತು ನಿನಗ ಕಳ್ಳ ಅಂದಿದ್ನಲ್ಲ. ಇಲ್ಲೇ ತಿರುಗಿ ಹೇಳಬೇಕು." ಜನರ ಕಡೆ ತಿರುಗಿ ಒದರಿ ಹೇಳಿದಳು: "ಕೇಳ್ರೆಪಾ! ಇಂವನ ಮಾಲು ಚಲೋ ಐತಿ. ಜ್ವರದಾಗ ನನ್ನ ಮೂಗ ಹೋಗೇತಿ. ನಾ ಸುಳ್ಳ ಹೇಳಿದೆ, ನೀವು ನಂಬಿದ್ರಿ."

ಮರುದಿನ ಬೆಳಗ್ಗೆ ಎರಡೇ ಚಕ್ಕೆ ಹಾಕಿದಳು. ಹದಿನಾಲ್ಕು ಮನೆಯಲ್ಲಿ ಐದು ಮನೆಯವರು ಬಂದರು. ಬಂದವರೆಲ್ಲ ಮೊದಲು ಮೂಸಿ ಆಮೇಲೆ ಕುಡಿದರು. ಹಿಂದೆಂದೂ ಅವಳ ಮುಂದೆ ಯಾರೂ ಹಾಗೆ ಮಾಡಿದ್ದಿಲ್ಲ.

"ಚಲೋ ಆಗೇತಿ ಯವ್ವಾ" ಎಂದ ಮುದಿಯಪ್ಪ.

"ನಿನ್ನಿ ಮಟ ಹ್ಯಾಂಗಿತ್ತು? ಖರೇ ಹೇಳು."

ಮುದಿಯಪ್ಪ ಹೆಂಡತಿಯ ಮುಖ ನೋಡಿದ. ಕಲ್ಲವ್ವ ಸೆರಗಿನ ತುದಿ ಹಿಡಿದು ತಿರುವಿದಳು. "ಹೇಳತೀನಿ, ಸಿಟ್ಟಾಗಬ್ಯಾಡ. ಒಂದು ತಿಂಗಳಿಂದ ಬೆಂಕಿ ಬೆಂಕಿ ಇತ್ತು. ಕೀಲುಜ್ವರಕ್ಕ ಏನೋ ಔಷಧ ಕೂಡಸ್ತಿ ಅಂತ ನಾವ ಅಂದಕೊಂಡಿದ್ವಿ. ಅರ್ಧ ಕುಡದು ಅರ್ಧ ನಿನ್ನ ಬಾಗಿಲ ಮೋರಿಗೆ ಚೆಲ್ಲತಿದ್ವಿ."

"ಒಬ್ಬರರ ಬಾಯಿ ಬಿಡಬಾರದಾಗಿತ್ತಾ?"

"ನಿನಗ ಹೇಳಾಕ ನಾವ್ಯಾರಬೇ?"

"ಇವತ್ತಿಂದ ಹೇಳ್ರಿ. ಇವತ್ತ ಸರಿ ಐತೇನ?"

"ಖರೇನ ಸರಿ ಐತಿ. ನಿನ್ನಾಣೆ."

ಕಲ್ಲವ್ವ ಖಾಲಿ ಲೋಟ ಇಟ್ಟು ಹೋದಳು. ಖಾತುನಬಿ ಲೋಟ ಬಾಗಿಸಿ ನೋಡಿದಳು. ತಳದಲ್ಲಿ ಹನಿಯೂ ಇರಲಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು, ಹೊರಗೆ ಹೋಗಿ, ಬಾಗಿಲ ಪಕ್ಕದ ಮೋರಿಯ ಕಲ್ಲನ್ನು ಬಗ್ಗಿ ಕೈಯಿಂದ ಮುಟ್ಟಿ ನೋಡಿದಳು.

ಒಣಗಿತ್ತು.