ಪಾಡವಾದಂದು ಕೊಂಡ ಫೋನು

ಏಪ್ರಿಲ್ ಹನ್ನೆರಡರ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಚನ್ನವೀರ ತನ್ನ ಮೇಜಿನ ಮೇಲಿದ್ದ ಪರೀಕ್ಷೆಯ ಫೋನೊಂದರಿಂದ ಕಂಪನಿಯ ಆ್ಯಪನ್ನು ಅಳಿಸಿ ಹಾಕುತ್ತಿದ್ದ. ಪುಣೆಯ ಚಿಂಚವಾಡ ಸ್ಟೇಷನ್ನಿನ ಹಿಂದಿನ ಆ ಸಣ್ಣ ಆಫೀಸಿನಲ್ಲಿ ಈ ಕೆಲಸವನ್ನು ಯಾರೂ ಮಾಡುತ್ತಿರಲಿಲ್ಲ. ಹೊಸ ಆವೃತ್ತಿ ಸಿದ್ಧವಾದಾಗಲೆಲ್ಲ ಹಳೆಯದರ ಮೇಲೆಯೇ ಹಾಕಿ ನೋಡುವುದು ಅಲ್ಲಿನ ರೂಢಿ. ಪೂರ್ತಿ ಅಳಿಸಿ ಮೊದಲಿಂದ ಹಾಕಿದರೆ ಪ್ರತಿ ಫೋನಿಗೂ ಮತ್ತೆ ಲಾಗಿನ್ ಮಾಡಬೇಕು, ಮತ್ತೆ ಕಾರ್ಖಾನೆ, ಪಾಳಿ, ವಿಭಾಗ ಎಲ್ಲ ತುಂಬಬೇಕು. ಅಷ್ಟು ತಾಳ್ಮೆ ಯಾರಿಗೂ ಇರಲಿಲ್ಲ.

ಇಪ್ಪತ್ತು ನಿಮಿಷದ ಹಿಂದೆ ಭೋಸರಿಯಿಂದ ಅವನ ಕಾಕಾ ಈರಣ್ಣ ಫೋನ್ ಮಾಡಿದ್ದರು.

"ಚನ್ನಾ, ನಿನ್ನ ಆ್ಯಪ್ ನನ್ನ ಕುತ್ತಿಗೀಗೆ ಬಂದದ ನೋಡಪಾ."

"ಏನಾತ್ರಿ ಕಾಕಾ?"

"ಒಂದ ಲಾರಿ ಮಾಲು ತಿರುಗಿ ಬಂದದ. ಎಲ್ಲಾ ಬಿರುಕು. ಆ ಮಾಲು ನಾ ಪಾಸ್ ಮಾಡಿಲ್ಲೋ, ಕೆಂಪ ಬಣ್ಣ ಹಚ್ಚಿ ಬಾಜೂಕ ಇಟ್ಟು ಫೋಟೋ ಹೊಡದೀನಿ. ರಾತ್ರಿ ಪಾಳಿಯವ್ರು ಯಾರೋ ಬಣ್ಣ ಒರಸಿ ಅದನ್ನ ತುಂಬಿ ಕಳಿಸ್ಯಾರ. ಸಾಹೇಬ್ರು ನೋಡಿದ್ರ ಉಗಾದಿ ಪಾಡವಾದಿಂದ ಈಚೆಗೆ ನನ್ನ ಒಂದೂ ಫೋಟೋ ಕಂಪ್ಯೂಟರಿನ್ಯಾಗ ಇಲ್ಲ ಅಂತಾರ. ಒಂದ ಗಂಟೆಕ್ಕ ಕರದಾರ."

"ಫೋಟೋ ಉಳೀತು ಅಂತ ಹಸಿರು ಟಿಕ್ ಬರ್ತಿತ್ತಿಲ್ಲೋ?"

"ದಿನಾ ಬರ್ತಿತ್ತು. ಅದನ್ನ ನೋಡಿದ ಮ್ಯಾಲೇ ನಾ ಮುಂದಕ ಹೋಗೂದು."

ಈರಣ್ಣ ಭೋಸರಿಯ ಒಂದು ಎರಕದ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಮಾಲು ತಪಾಸಣೆ ಮಾಡುತ್ತಿದ್ದರು. ವಾಹನ ಕಂಪನಿಗೆ ಹೋಗುವ ಪ್ರತಿ ಕಂತಿನ ಫೋಟೋ ತೆಗೆಯಬೇಕು. ಪಾಸಾದರೂ ಸರಿ, ತಿರಸ್ಕಾರವಾದರೂ ಸರಿ. ಫೋಟೋ ಇಲ್ಲದಿದ್ದರೆ ತಪಾಸಣೆ ಆಗಿಲ್ಲವೆಂದೇ ಅರ್ಥ. ಷೆಡ್ಡಿನೊಳಗೆ ನೆಟ್‌ವರ್ಕ್ ಸರಿಯಾಗಿ ಸಿಗದ ಕಾರಣ ಫೋಟೋಗಳು ಮೊದಲು ಫೋನಿನಲ್ಲೇ ಉಳಿದು ಶನಿವಾರ ಸಂಜೆ ಒಟ್ಟಿಗೆ ಕಾರ್ಖಾನೆಯ ಆಫೀಸಿನ ಕಂಪ್ಯೂಟರಿಗೆ ಹೋಗುತ್ತಿದ್ದವು. ಈ ಏರ್ಪಾಡನ್ನು ರೂಪಿಸಿದವನು ಚನ್ನವೀರನೇ.

ಅವನು ಬೈಲಹೊಂಗಲದವನು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಪುಣೆಗೆ ಬಂದಾಗ ಉಳಿದುಕೊಂಡದ್ದು ಇದೇ ಕಾಕಾನ ಒಂದು ಕೋಣೆಯ ಮನೆಯಲ್ಲಿ. ಮೊದಲ ಕೆಲಸ ಸಿಗುವವರೆಗೆ ಕಲ್ಲವ್ವ ಕಾಕು ಅವನ ರೊಟ್ಟಿಯನ್ನು ಗಂಡನ ಡಬ್ಬಿಗಿಂತ ಮೊದಲು ಕಟ್ಟುತ್ತಿದ್ದಳು. ಆ ಮನೆಯಲ್ಲಿ ಅವನ ಹೆಸರು ಸೈಂಟಿಸ್ಟ್. ಗ್ಯಾಸ್ ಸಿಲಿಂಡರ್ ಮುಗಿಯುವ ದಿನವನ್ನು ಲೆಕ್ಕ ಹಾಕಿ ಹೇಳುತ್ತಿದ್ದ, ಬಹುಮಟ್ಟಿಗೆ ಸರಿಯಾಗುತ್ತಿತ್ತು. ತಪ್ಪಿದ ದಿನ ಕಾಕು, "ಸೈಂಟಿಸ್ಟರ, ಇವತ್ತ ಅವಲಕ್ಕಿನಽ ಊಟ," ಎಂದು ತಟ್ಟೆ ಮುಂದಿಡುತ್ತಿದ್ದಳು.

ಆ್ಯಪ್ ಅಳಿಸಿ, ಹೊಸದಾಗಿ ಹಾಕಿ, ಚನ್ನವೀರ ಮೇಜಿನ ಮೇಲಿನ ಚಹಾದ ಲೋಟದ ಫೋಟೋ ತೆಗೆದ. ಹಸಿರು ಟಿಕ್ ಬಂತು. ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಒಳಗಿನ ದಾಖಲೆ ನೋಡಿದ. ಫೋಟೋ ಉಳಿಯಬೇಕಾದ ಫೋಲ್ಡರಿನ ಪೂರ್ತಿ ವಿಳಾಸ, ಅದರ ಮುಂದೆ ಒಂದು ಕೆಂಪು ಸಾಲು: ಅನುಮತಿ ನಿರಾಕರಿಸಲಾಗಿದೆ.

ಒಂದು ನಿಮಿಷ ಕೂಡ ಬೇಕಾಗಲಿಲ್ಲ. ಹಿಂದೆ ಎಲ್ಲ ಆ್ಯಪುಗಳೂ ಫೋನಿನ ಸಾರ್ವಜನಿಕ ಜಾಗದಲ್ಲಿ ತಮಗೆ ಬೇಕಾದ ಕಡೆ ಫೋಲ್ಡರ್ ಮಾಡಿ ಬರೆಯಬಹುದಿತ್ತು. ಹೊಸ ಫೋನುಗಳಲ್ಲಿ ನಿಯಮ ಬದಲಾಯಿತು. ಪ್ರತಿ ಆ್ಯಪೂ ತನ್ನ ಕೋಣೆಯಲ್ಲೇ ಇರಬೇಕು, ಹೊರಗಿನ ಜಾಗವನ್ನು ಮುಟ್ಟುವಂತಿಲ್ಲ. ಒಂದೇ ಒಂದು ರಿಯಾಯಿತಿ ಇತ್ತು: ಹಳೆಯ ಆವೃತ್ತಿ ಇದ್ದ ಫೋನಿನಲ್ಲಿ ಅದರ ಮೇಲೆಯೇ ಹೊಸದು ಬಂದರೆ ಹಳೆಯ ಹಕ್ಕು ಉಳಿಯುತ್ತದೆ. ಹೊಸದಾಗಿ ಹಾಕಿಕೊಂಡವರಿಗೆ ಉಳಿಯಲು ಏನೂ ಇಲ್ಲ. ಆಫೀಸಿನ ಎಲ್ಲ ಫೋನುಗಳಲ್ಲೂ ಹಳೆಯ ಆ್ಯಪ್ ಇತ್ತು, ಹಳೆಯ ಹಕ್ಕೂ ಇತ್ತು. ಎಲ್ಲ ಪರೀಕ್ಷೆಗಳೂ ಪಾಸಾಗಿದ್ದವು.

ಟಿಕ್ ಬೇಗ ಕಾಣಬೇಕೆಂದು, ಫೋಟೋ ತೆಗೆದ ಕೂಡಲೇ, ಅದು ಫೋಲ್ಡರಿಗೆ ಸೇರುವ ಮೊದಲೇ ತೋರಿಸುವಂತೆ ಬರೆದಿದ್ದರು. ತೆಗೆದ ಫೋಟೋ ಮೊದಲು ಆ್ಯಪಿನ ಸ್ವಂತ ಕೋಣೆಯ ತಾತ್ಕಾಲಿಕ ಮೂಲೆಯಲ್ಲಿ ಬಿದ್ದು, ಅಲ್ಲಿಂದ ಫೋಲ್ಡರಿಗೆ ಹೋಗುತ್ತಿತ್ತು. ಈಗ ಹೋಗುತ್ತಿಲ್ಲ ಅಷ್ಟೆ. ಚಹಾದ ಲೋಟದ ಫೋಟೋ ಆ ಮೂಲೆಯಲ್ಲೇ ಬಿದ್ದಿದ್ದನ್ನು ಚನ್ನವೀರ ತೆರೆದು ನೋಡಿದ. ಹಾಗಾದರೆ ಈರಣ್ಣ ತೆಗೆದ ಫೋಟೋಗಳೂ, ಕೆಂಪು ಬಣ್ಣ ಹಚ್ಚಿದ ಆ ಮಾಲಿನ ಫೋಟೋ ಸಮೇತ, ಅವರ ಫೋನಿನಲ್ಲಿ ಇನ್ನೂ ಇರಬೇಕು. ಹೊರಗೆ ತೆಗೆಯುವುದು ಅವನಿಗೆ ಗೊತ್ತಿತ್ತು. ಆ ಮೂಲೆಗೆ ಅಪಾಯ ಒಂದೇ: ಆ್ಯಪ್ ಅಳಿಸಿದರೆ ಅದೂ ಅದರ ಜೊತೆ ಅಳಿಸಿಹೋಗುತ್ತದೆ.

ಕಾಕಾನಿಗೆ ಫೋನ್ ಮಾಡಿದ. ಬಿಜಿ. ಮತ್ತೆ ಮಾಡಿದ. ಬಿಜಿ.

ಗಾಜಿನ ಗೋಡೆಯ ಆಚೆ ಸಹಾಯವಾಣಿಯ ಮಾಧುರಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೆಳಿಗ್ಗೆಯಿಂದ ಹೇಳುತ್ತಿದ್ದುದನ್ನೇ ಹೇಳುತ್ತಿದ್ದಳು. ಆ್ಯಪ್ ಡಿಲೀಟ್ ಕರಾ, ಪರತ್ ಟಾಕಾ. ಅಳಿಸಿ, ಮತ್ತೆ ಹಾಕಿ. ಯಾವ ದೂರಿಗೂ ಮೊದಲ ಮದ್ದು ಅದೇ. ಚನ್ನವೀರ ಎದ್ದ. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಮಾಧುರಿ, ಯಾರಿಗೂ ಅಳಿಸಲು ಹೇಳಬೇಡ. ಈಗ ಲೈನಿನಲ್ಲಿ ಯಾರು?" ಎಂದು ಮರಾಠಿಯಲ್ಲಿ ಕೇಳಿದ.

ಅವಳು ಕೈ ಎತ್ತಿ ಒಂದು ಕ್ಷಣ ತಡೆ ಎಂದು ಸನ್ನೆ ಮಾಡಿದಳು. ಮೈಕಿನೊಳಗೆ ಮುದ್ದಾಗಿ, "ಝಾಲಂ ಕಾ ಕಾಕಾ? ಶಾಬ್ಬಾಸ್!" ಎಂದಳು, ಆಯಿತೇ ಎಂದು. ಆಗ ಮಾನಿಟರನ್ನು ಅವನ ಕಡೆ ತಿರುಗಿಸಿದಳು. ಕರೆ ಮಾಡಿದವರ ಹೆಸರು: ಈರಣ್ಣ ಬೈಲಹೊಂಗಲ. ವಿಭಾಗ: ತಪಾಸಣೆ.

ಅವಳ ತಪ್ಪೇನೂ ಇರಲಿಲ್ಲ. ಅವಳ ಮುಂದಿದ್ದ ಸೂಚನೆಯನ್ನು ಅವಳು ಓದಿದಳು. ಕಾಕಾ ಅವಳ ಮಾತು ಕೇಳಿ, ಕನ್ನಡಕ ಹಾಕಿಕೊಂಡು, ನಿಧಾನವಾಗಿ, ಒಂದೊಂದಾಗಿ ಒತ್ತಿ ಆ್ಯಪ್ ಅಳಿಸಿದ್ದರು.

ಆ ಫೋನು ಕೊಂಡದ್ದು ಪಾಡವಾದ ದಿನ. ಹಳೆಯ ಫೋನಿನ ಗಾಜು ಮಾರ್ಚ್ ಮಧ್ಯದಲ್ಲೇ ಒಡೆದಿತ್ತು. "ಇವತ್ತ ಹೋಗೂಣ್ರಿ ಕಾಕಾ," ಎಂದು ಚನ್ನವೀರ ಎಷ್ಟು ಸಲ ಹೇಳಿದರೂ ಅವರು ಬೆರಳಿಗೆ ಗಾಜು ಚುಚ್ಚಿಸಿಕೊಳ್ಳುತ್ತಲೇ ಕಾದರು. "ನಿನಗ ಸೈನ್ಸ್ ಗೊತ್ತದ, ಮುಹೂರ್ತ ಗೊತ್ತಿಲ್ಲ. ಪಾಡವಾಕ್ಕ ಇಡೀ ಪುಣೆ ಖರೀದಿ ಮಾಡ್ತದ, ನಾ ಯಾಕ ಹಿಂದ ಮುಂದ ಮಾಡ್ಲಿ?" ಮಾತು ನಿಜವೇ ಆಗಿತ್ತು. ಅವತ್ತು ಪುಣೆಯ ಕ್ಯಾಂಪ್ ಪೇಟೆಯ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾರ್ಖಾನೆಯ ಅಂಗಿ ತೊಟ್ಟವರೇ ಅರ್ಧ ಜನ. ಬೈಕುಗಳಿಗೆ ಚೆಂಡು ಹೂವಿನ ಮಾಲೆ, ಫೋನಿನ ಡಬ್ಬಿಗಳಿಗೆ ಕುಂಕುಮ.

ಮನೆಗೆ ಬಂದು ಕಾಕು ಹೊಸ ಫೋನಿಗೂ ಅರಿಸಿನ ಹಚ್ಚಿದಳು. ಚನ್ನವೀರ ಅದನ್ನು ಒರೆಸಿ, ತಾನೇ ಕೂತು ಆ್ಯಪ್ ಹಾಕಿಕೊಟ್ಟ. ಪರೀಕ್ಷೆಗೆಂದು ಹೋಳಿಗೆಯ ತಟ್ಟೆಯ ಫೋಟೋ ತೆಗೆದರು. ಹಸಿರು ಟಿಕ್ ಬಂತು.

"ಹೋಳಿಗಿ ಪಾಸ್!" ಎಂದರು ಕಾಕಾ.

"ಮೊದಲ ತಿಂದ ನೋಡ್ರಿ, ಆಮ್ಯಾಲ ಪಾಸ್ ಮಾಡ್ರಿ," ಎಂದಳು ಕಾಕು.

ಯಾವುದನ್ನೂ ಎರಡು ಸಲ ನೋಡದೆ ನಂಬದ ಚನ್ನವೀರ ಅವತ್ತು ಫೋಲ್ಡರ್ ತೆರೆಯಲಿಲ್ಲ. ಹಬ್ಬವಾಗಿತ್ತು. ಹೋಳಿಗೆಗೆ ಹಾಲು ಹಾಕಿಕೊಂಡ.

ಪಾಡವಾಕ್ಕೆ ಒಂದು ವಾರ ಮೊದಲು ಆಫೀಸಿನಲ್ಲಿ ಮೀಟಿಂಗ್ ನಡೆದಿತ್ತು. ಯಜಮಾನ ವಿನೀತ ಹೊಸ ಆವೃತ್ತಿಯನ್ನು ಅಂದೇ ಬಿಡುಗಡೆ ಮಾಡಬೇಕೆಂದು ಕೂತಿದ್ದ. ಚನ್ನವೀರ ಎದ್ದು, ಹೊಸ ಫೋನಿನಲ್ಲಿ ಮೊದಲಿಂದ ಹಾಕಿ ನೋಡಿಲ್ಲ, ಎರಡು ದಿನ ಕೊಡಿ ಎಂದ. ವಿನೀತ ಒಳ್ಳೆಯ ಮನುಷ್ಯನೇ, ಕೂಗಾಡುವವನಲ್ಲ. ಹಾಗೆ ಹೊಸದಾಗಿ ಹಾಕಿಕೊಳ್ಳುವವರು ಎಷ್ಟು ಜನ ಎಂದಷ್ಟೇ ಕೇಳಿದ. ಚನ್ನವೀರ ಲ್ಯಾಪ್‌ಟಾಪಿನಲ್ಲಿ ಹಿಂದಿನ ಮೂರು ತಿಂಗಳ ಲೆಕ್ಕ ತೆಗೆದು, ಇನ್ನೊಮ್ಮೆ ಕೂಡಿಸಿ ನೋಡಿ, ನೂರಕ್ಕೆ ನಾಲ್ಕು ಎಂದ. ವಿನೀತ ನಕ್ಕು, "ನಾಲ್ಕು ಜನರಿಗಾಗಿ ತೊಂಬತ್ತಾರು ಜನರನ್ನು ಕಾಯಿಸಬೇಕೆ?" ಎಂದು ಲ್ಯಾಪ್‌ಟಾಪ್ ಮುಚ್ಚಿದ. ಲೆಕ್ಕ ತಪ್ಪಾಗಿರಲಿಲ್ಲ. ಆ ಮೂರು ತಿಂಗಳಲ್ಲಿ ಪಾಡವಾ ಇರಲಿಲ್ಲ, ಅಷ್ಟೆ. ಒಡೆದ ಗಾಜಿನ ಫೋನು ಹಿಡಿದು ಕಾಕಾ ಅದೇ ಹಬ್ಬಕ್ಕೆ ಕಾಯುತ್ತಿರುವುದು ಆ ಹೊತ್ತಿಗೆ ಚನ್ನವೀರನಿಗೆ ಗೊತ್ತಿತ್ತು.

ಮಾಧುರಿಯ ಮೇಜಿನಿಂದ ಅವನು ನೇರ ವಿನೀತನ ಕೋಣೆಗೆ ಹೋದ. ವಿನೀತ ಆಗಲೇ ಕಾರ್ಖಾನೆಗೆ ಉತ್ತರ ಬರೆಯುತ್ತಿದ್ದ: ಬಳಕೆದಾರರು ಆ್ಯಪಿಗೆ ಅಗತ್ಯ ಅನುಮತಿ ನೀಡದ ಕಾರಣ ಫೋಟೋಗಳು ಉಳಿದಿಲ್ಲ.

"ಇದು ನಿಜವಲ್ಲ. ನಮ್ಮ ಆ್ಯಪ್ ಆ ಅನುಮತಿ ಕೇಳಿಯೇ ಇಲ್ಲ. ಕೇಳಿದರೂ ಸಿಗುತ್ತಿರಲಿಲ್ಲ. ಉಳಿಸದೆಯೇ ಟಿಕ್ ತೋರಿಸಿದ್ದೇವೆ. ಹಾಗೆಂದೇ ಬರೆಯಿರಿ," ಎಂದ ಚನ್ನವೀರ.

ವಿನೀತ ಕೀಲಿಮಣೆಯಿಂದ ಕೈ ತೆಗೆದ. "ಬರೆಯುತ್ತೇನೆ. ಬಿಡುಗಡೆ ಮಾಡಿದ್ದು ನಿನ್ನ ಅಂಕಿಯನ್ನು ನಂಬಿ ಅಂತಲೂ ಬರೆಯಲೇ?"

"ಬರೆಯಿರಿ."

ವಿನೀತ ಬರೆಯಲಿಲ್ಲ. ಪತ್ರ ಇದ್ದಂತೆಯೇ ಹೋಯಿತು. ಎರಡು ದಿನದಲ್ಲಿ ದೋಷ ಸರಿಪಡಿಸಿದ ಆವೃತ್ತಿ ಬಂತು. ಚನ್ನವೀರ ಮೊದಲೇ ಕೇಳಿದ್ದು ಅದೇ ಎರಡು ದಿನ.

ಆ ಮಂಗಳವಾರವೇ ಒಂದು ಗಂಟೆಗೆ ಅವನು ಭೋಸರಿಯಲ್ಲಿದ್ದ. ಗುಣಮಟ್ಟ ವಿಭಾಗದ ಮುಖ್ಯಸ್ಥ ಕೃಷ್ಣಾಜಿ ಅವನನ್ನು ಕೂರಿಸಿ ಎಲ್ಲ ಕೇಳಿದರು. ಚಹಾದ ಲೋಟದ ಫೋಟೋ ಎಲ್ಲಿ ಬಿದ್ದಿತ್ತು ಎಂಬುದನ್ನು ಚನ್ನವೀರ ತನ್ನ ಫೋನಿನಲ್ಲೇ ಮಾಡಿ ತೋರಿಸಿದ. ಅವರಿಗೆ ಅರ್ಥವಾಯಿತು.

"ನಿಮ್ಮ ಮಾತು ನಂಬುತ್ತೇನೆ. ಆದರೆ ವಾಹನ ಕಂಪನಿಯವರು ನಾಳೆ ಬರುತ್ತಾರೆ, ಅವರಿಗೆ ಬೇಕಾದ್ದು ಫೋಟೋ. ನಿಮ್ಮ ಕಂಪನಿಯ ಪತ್ರ ಬೇರೆಯೇ ಹೇಳುತ್ತದೆ," ಎಂದರು. ಆಮೇಲೆ ಗೋಡೆಯ ಪಕ್ಕದಲ್ಲಿ ನಿಂತಿದ್ದ ಈರಣ್ಣನನ್ನೂ ಅವನನ್ನೂ ನೋಡಿದರು. "ಇಬ್ಬರ ಅಡ್ಡಹೆಸರೂ ಒಂದೇ?"

"ನನ್ನ ಅಣ್ಣನ ಮಗಾ ರೀ," ಎಂದರು ಈರಣ್ಣ. ಹೆಮ್ಮೆಯಿಂದಲೇ ಎಂದರು. ಆ ಸ್ಥಿತಿಯಲ್ಲೂ ಅದು ಅವರಿಗೆ ಅಭ್ಯಾಸವಾಗಿತ್ತು.

ಕೃಷ್ಣಾಜಿ ಪೆನ್ನಿನ ಮುಚ್ಚಳ ಹಾಕಿದರು. ಅಲ್ಲಿಗೆ ಚನ್ನವೀರನ ಸಾಕ್ಷಿ ಮುಗಿಯಿತು.

ತಿಂಗಳ ಕೊನೆಗೆ ಗುತ್ತಿಗೆ ಮುಂದುವರಿಯಲಿಲ್ಲ. ರಾತ್ರಿ ಪಾಳಿಯಲ್ಲಿ ಮಾಲು ತುಂಬಿದವರ ವಿಚಾರಣೆಯೇ ನಡೆಯಲಿಲ್ಲ. ಫೋಟೋ ಇಲ್ಲದ ಮೇಲೆ ಕೆಂಪು ಬಣ್ಣವೂ ಇರಲಿಲ್ಲ. ಸುತ್ತಲಿನ ಬೇರೆ ಕಾರ್ಖಾನೆಗಳವರಿಗೂ ಸುದ್ದಿ ಮುಟ್ಟಿತ್ತು. ಬಿರುಕು ಬಿಟ್ಟ ಮಾಲನ್ನು ನೋಡದೆ ಬಿಟ್ಟವ ಎಂಬ ಹೆಸರು ಹೊತ್ತ ತಪಾಸಕನಿಗೆ, ಅದೂ ಐವತ್ತೇಳರ ವಯಸ್ಸಿನಲ್ಲಿ, ಬಾಗಿಲು ತೆರೆಯುವವರು ಯಾರು? ಈಗ ಅವರು ಮೋಶಿಯ ಒಂದು ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಕೂರುತ್ತಾರೆ. ಬಂದವರ ಗಾಡಿ ನಂಬರನ್ನು ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಾರೆ. ಗಾಡಿಗಳ ಬಂಪರ್ ಬಿರುಕು ಬಿಟ್ಟಿದ್ದರೆ ಯಜಮಾನರಿಗೆ ಹೇಳುತ್ತಾರಂತೆ. ಅವರಲ್ಲಿ ಕೆಲವರು ಸಿಟ್ಟಾಗುತ್ತಾರಂತೆ.

ಚನ್ನವೀರ ಅದೇ ಆಫೀಸಿನಲ್ಲಿದ್ದಾನೆ. ಬಿಡುಗಡೆಗೆ ಮೊದಲು ಒಂದು ಫೋನನ್ನು ಪೂರ್ತಿ ಬರಿದು ಮಾಡಿ, ಅಂಗಡಿಯಿಂದ ತಂದ ದಿನದಂತೆ ಮಾಡಿ, ಮೊದಲಿಂದ ಆ್ಯಪ್ ಹಾಕಿ ನೋಡುತ್ತಾನೆ. ಟಿಕ್ ನೋಡುವುದಿಲ್ಲ, ಫೋಲ್ಡರ್ ತೆರೆದು ಫೋಟೋ ನೋಡುತ್ತಾನೆ. ಸಹಾಯವಾಣಿಯ ಸೂಚನೆಯಲ್ಲಿ ಅಳಿಸುವ ಮಾತು ಈಗ ಎಲ್ಲಕ್ಕಿಂತ ಕೆಳಗಿದೆ. ಹೊಸದಾಗಿ ಬಂದವರು ಇದನ್ನು ಅತಿ ಎನ್ನುತ್ತಾರೆ.

ಜೂನಿನ ಒಂದು ಭಾನುವಾರ ಅವನು ಭೋಸರಿಗೆ ಹೋದಾಗ ಕಾಕಾ ಕಿಟಕಿಯ ಬಳಿ ಕೂತು ಅದೇ ಫೋನಿನಲ್ಲಿ ಭಜನೆ ಕೇಳುತ್ತಿದ್ದರು. ಅದನ್ನು ನಿಲ್ಲಿಸಿದರು. ಅದುವರೆಗೆ ಅವರು ಆ ವಿಷಯ ಒಂದು ಸಲವೂ ಎತ್ತಿರಲಿಲ್ಲ. ಕಾಕು ಒಳಗೆ ಚಹಾ ಸೋಸುತ್ತಿದ್ದಳು.

"ಚನ್ನಾ, ಸಿಟ್ಟಿಲ್ಲ, ತಿಳಕೊಳ್ಳಾಕ ಕೇಳ್ತೀನಿ. ಫೋಟೋ ಉಳಿದಿದ್ದಿಲ್ಲ ಅಂದ್ರ ಟಿಕ್ ಯಾಕ ಬಂತು?"

ಅವನು ಹೇಳಿದ. ಸಾರ್ವಜನಿಕ ಜಾಗ, ಸ್ವಂತ ಕೋಣೆ, ಹಳೆಯ ಹಕ್ಕು, ಎಲ್ಲವನ್ನೂ ಬಿಡಿಸಿ ಹೇಳಿದ. ಕಾಕಾ ತಲೆಯಾಡಿಸುತ್ತ ಕೇಳಿದರು, ಒಮ್ಮೆ ಮಾತ್ರ ತಡೆದು, "ಹೋಳಿಗಿ ಫೋಟೋನೂ ಹೋತಂದಂಗಾತು," ಎಂದರು.

"ಹೋತ್ರಿ."

"ಅಲ್ಲಪಾ, ಮಂದಿ ಕೈಯಾಗ ಕೊಡೂಕಿಂತ ಮೊದಲ ಹೊಸಾ ಫೋನಿನ್ಯಾಗ ಯಾರೂ ಹಾಕಿ ನೋಡಲಿಲ್ಲೇನು?"

"ನೋಡಬೇಕು, ಎರಡ ದಿನಾ ಕೊಡ್ರಿ ಅಂತ ನಾ ಅಂದಿದ್ದೆ ಕಾಕಾ. ಎಷ್ಟ ಮಂದಿಗೆ ತ್ರಾಸ ಆದೀತು ಅಂತ ಕೇಳಿದ್ರು."

ಕಾಕು ಚಹಾ ತಂದು ಇಬ್ಬರ ಮುಂದಿಟ್ಟಳು. ಕಾಕಾ ಬಟ್ಟಲು ಎತ್ತಿಕೊಳ್ಳಲಿಲ್ಲ.

"ನೀ ಏನಂದಿ?"

"ನೂರಕ್ಕ ನಾಕು."