ಹೊರಬೀಡಿನ ದಿನ ಒಳಗಿದ್ದವರು

ಉರಿಯುವ ಕೊಳ್ಳಿಯ ಮೇಲೆ ತಂಬಿಗೆ ನೀರು ಸುರಿದರೆ ಮೊದಲು ಸದ್ದು, ಆಮೇಲೆ ಹಬೆ, ಎಲ್ಲಕ್ಕೂ ಕೊನೆಗೆ ಒದ್ದೆ ಬೂದಿಯ ವಾಸನೆ. ಸೊರಬದಲ್ಲಿ ನಾನು ಬಾಡಿಗೆಗಿರುವ ಮನೆಯಾಕೆ ಕಳೆದ ತಿಂಗಳು ಒಂದು ಸಂಜೆ ಒಲೆಯನ್ನು ಹಾಗೆ ಆರಿಸಿದರು. ನಾನು ಓದುತ್ತಿದ್ದ ಪುಸ್ತಕ ಮುಚ್ಚಿ ಅಂಗಳಕ್ಕೆ ಬಂದು ನಿಂತೆ.

ಆ ವಾಸನೆಯೊಂದಿಗೆ ನೆನಪಾದದ್ದು ನಮ್ಮೂರಿನ ಪಕ್ಕದ ಮನೆಯ ಅಕ್ಕ.

ನಮ್ಮದು ಶಿಕಾರಿಪುರದಿಂದ ಈಸೂರಿನ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ನಯಾಪೈಸೆ ಹೊಸದಾಗಿ ಬಂದ ವರ್ಷ. ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ, ಬೇಸಿಗೆ ರಜೆಗೆ ಬಂದಿದ್ದೆ. ಸುತ್ತಲ ಹಳ್ಳಿಗಳಲ್ಲಿ ವಾಂತಿಭೇದಿ ಕಾಣಿಸಿಕೊಂಡಿದ್ದರಿಂದ ಹಿರಿಯರು ಹೊರಬೀಡು ಗೊತ್ತುಮಾಡಿದರು. ಸೂರ್ಯ ಹುಟ್ಟುವ ಮೊದಲು ಎಲ್ಲ ಒಲೆಗಳನ್ನೂ ಆರಿಸಬೇಕು. ಜನ, ದನ, ಹಾಸಿಗೆ ಹಿಡಿದವರು, ಬಾಣಂತಿಯರು ಎಲ್ಲರೂ ಊರು ಬಿಟ್ಟು ಬಯಲಿನಲ್ಲಿ ಹಗಲು ಕಳೆಯಬೇಕು. ಬರಿದಾದ ಊರಿನಲ್ಲಿ ರೋಗದ ದೇವಿಗೆ ಹೊತ್ತು ಹೋಗುವುದಿಲ್ಲ, ಎದ್ದು ಹೊರಟುಹೋಗುತ್ತಾಳೆ. ಒಂದು ಮನೆಯಲ್ಲಿ ಒಂದು ಉಸಿರು ಉಳಿದರೂ ಅವಳು ಅಲ್ಲೇ ಕೂರುತ್ತಾಳೆ. ಇದು ನಂಬಿಕೆ.

ಅಕ್ಕನ ಗಂಡ ದೂರದೂರಿನ ಕಾರ್ಖಾನೆಯಲ್ಲಿದ್ದ. ಮನೆಯಲ್ಲಿ ಅವಳು ಮತ್ತು ನಾಲ್ಕು ವರ್ಷದ ಮಗಳು, ಇಬ್ಬರೇ. ಮಗುವಿಗೆ ಜ್ವರ ಬಂದು ಎದೆ ಕಟ್ಟಿತ್ತು. ಹಿಂದಿನ ಹೊರಬೀಡಿನಲ್ಲಿ ಬಾಣಂತಿಯಾಗಿದ್ದ ಅಕ್ಕ ಹಸುಗೂಸನ್ನು ಬಯಲಿಗೆ ಎತ್ತಿಕೊಂಡು ಹೋಗಿದ್ದಳು. ಬಿಸಿಲು, ಗಾಳಿ... ಆ ಕೂಸು ಉಳಿಯಲಿಲ್ಲ.

“ಇದನ್ನ ಒಯ್ಯಾಕಿ ಅಲ್ಲ ನಾನು” ಎಂದಳು. ಬೆಳಗಿನ ಜಾವದ ಗಾಡಿಗೆ ತವರಿಗೆ ಹೊರಟೆನೆಂದು ಕೇರಿಗೆಲ್ಲ ಹೇಳಿದ್ದಳು. ತಲೆಬಾಗಿಲಿಗೆ ಹೊರಗಿನಿಂದ ಬೀಗ ಹಾಕುವ ಕೆಲಸ ನನ್ನದು. ಬೀಗದ ಕೈ ಕೊಡಲು ಹಿತ್ತಿಲಿನಿಂದ ಒಳಗೆ ಹೋದಾಗ ನನ್ನ ಕೈ ಹಿಡಿದುಕೊಂಡಳು. “ಒಬ್ಬಾಕಿನ ಇರಾಕ ಆಗಲ್ಲ ತಂಗಿ.”

ಉಳಿದೆ. ನಾನು ಗೆಳತಿಯರ ಜೊತೆ ಮುಂದೆ ಹೋಗಿದ್ದೇನೆಂದು ನಮ್ಮಮ್ಮ ಅಂದುಕೊಂಡಿದ್ದಳು.

ನಾನು ಮನಶ್ಶಾಸ್ತ್ರ ಓದುತ್ತಿದ್ದವಳು. ಅಂಜಿಕೆಯ ಬಗ್ಗೆ ಪರೀಕ್ಷೆಯಲ್ಲಿ ಒಳ್ಳೆಯ ಉತ್ತರ ಬರೆದಿದ್ದೆ. ನಂಬಿಕೆ ಒಂದು ಊರನ್ನು ಹೇಗೆ ಒಟ್ಟಿಗೆ ಕಟ್ಟುತ್ತದೆ ಎಂದು ಬರೆಯಲೂ ಬರುತ್ತಿತ್ತು. ಆ ಕಟ್ಟಿನಿಂದ ಹೊರಗೆ ಉಳಿದವರಿಗೆ ಏನಾಗುತ್ತದೆ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ.

ಹೊತ್ತೇರಿತು. ಕೋಳಿಯಿಲ್ಲ, ಕರುವಿಲ್ಲ, ಬಾವಿಯ ರಾಟೆಯ ಸದ್ದೂ ಇಲ್ಲ. ನಡುಹಗಲಿನ ಬೆಳಕು ಹೆಂಚಿನ ಸಂದಿಯಿಂದ ನೆಲಕ್ಕೆ ಬಿದ್ದಿತ್ತು. ಮಾಡಿನ ಮೇಲೆ ಏನೋ ಮೆಲ್ಲಗೆ ನಡೆಯಿತು. ಅದು ಕೋತಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೆವೆತೆ.

ಆಮೇಲೆ ಬೀದಿಯಲ್ಲಿ ಹೆಜ್ಜೆಗಳು ಕೇಳಿಸಿದವು. ಯಾರೂ ಉಳಿದಿಲ್ಲವೆಂದು ನೋಡಲು ಊರಿನವರು ಇಬ್ಬರನ್ನು ಕಳಿಸಿದ್ದರು. ಮಗುವಿಗೆ ಕೆಮ್ಮು ಒತ್ತರಿಸಿ ಬಂತು. ಅಕ್ಕ ಸೆರಗನ್ನು ಮುದ್ದೆ ಮಾಡಿ ಅದರ ಬಾಯಿಗೆ ಒತ್ತಿದಳು. ಹೊರಗೆ ಯಾರೋ ಬೀಗ ಜಗ್ಗಿದರು.

“ಎಂಥಾ ಬೀಗ ಹಾಕ್ಯಾಳ ನೋಡಲೇ. ಒಳಗೇನು ಹೊನ್ನಿನ ಕೊಪ್ಪರಿಗಿ ಹೂತಾಳೇನು?”

“ತವರಿಗೆ ಹೋಗ್ಯಾಳ, ಬಾರೋ ಸಾಕು. ಇಲ್ಲೇ ನಿಂತ್ರ ದೇವಿ ನಿನ್ನ ಹೊತ್ಕೊಂಡು ಹೋಗ್ತಾಳ.”

“ನನ್ನ ಹೊರಾಕ ಅಕಿಗೆ ಎರಡು ಗಾಡಿ ಬೇಕು ಬಿಡು!”

ನಕ್ಕರು. ನಗು ದೂರವಾಗುವಷ್ಟರಲ್ಲಿ ಮಗುವಿನ ಮುಖ ಕಪ್ಪಿಟ್ಟಿತ್ತು. ನಾನೇ ಅಕ್ಕನ ಕೈಯನ್ನು ಕಿತ್ತು ತೆಗೆದೆ. ಮಗು ಉಸಿರೆಳೆದುಕೊಂಡಿತು. ಅಕ್ಕ ಮುಚ್ಚಿದ ಬಾಗಿಲಿನ ಕಡೆ ತಿರುಗಿ, ನೆಂಟರನ್ನು ಬೀಳ್ಕೊಡುವ ದನಿಯಲ್ಲಿ ದೇವಿಗೆ ಪಿಸುಗುಟ್ಟಿದಳು: “ಹೊಂಟೆ ಏನವ್ವ? ಹೋಗಿ ಬಾ. ನಮ್ಮನಿ ಕಡೆ ಮಾತ್ರ ನೋಡಬ್ಯಾಡ.” ಅಂಜಿಕೆಯ ನಡುವೆಯೂ ಅವಳಿಗೆ ಮಾತಾಡಲು ಒಬ್ಬರಿದ್ದರು. ನನಗೆ ಯಾರೂ ಇರಲಿಲ್ಲ.

ಮಗಳು ಗುಣವಾದಳು. ಎಂಟು ಹತ್ತು ದಿನಗಳಲ್ಲಿ ಕೆಳಗಿನ ಕೇರಿಯ ಒಂದು ಕೂಸು ವಾಂತಿಭೇದಿಯಿಂದ ತೀರಿಕೊಂಡಿತು.

“ಯಾರೋ ಒಳಗ ಉಳದಾರ” ಎಂದಿತು ಊರು. ರೋಗ ನಿಂತರೆ ದೇವಿ ಹೋದಳು. ನಿಲ್ಲದಿದ್ದರೆ ಯಾರೋ ಉಳಿದರು. ಮೂರನೆಯ ಮಾತಿಗೆ ಜಾಗವೇ ಇರಲಿಲ್ಲ. ಸಿಕ್ಕಿಬೀಳುತ್ತೇವೆಂಬ ಹೆದರಿಕೆ ನನ್ನದು. ಅಕ್ಕನದು ಬೇರೆ.

“ಆ ಕೂಸನ್ನ ತಿಂದಾಕಿ ನಾನು” ಎಂದಳು, ಹಿತ್ತಿಲಲ್ಲಿ.

“ಅದು ನೀರಿನಿಂದ ಬರೋ ರೋಗ ಅಕ್ಕ.”

“ನೀರು ಎಲ್ರೂ ಕುಡದೀವಿ. ಅದೊಂದ ಯಾಕ ಹೋತು, ಹೇಳು?”

ಅಕ್ಕ ಮಳೆ ಹಿಡಿಯುವ ಮೊದಲು ಮಗಳನ್ನು ಕರೆದುಕೊಂಡು ತವರು ಸೇರಿದಳು. ಮತ್ತೆ ಬರಲಿಲ್ಲ. ನಮ್ಮ ಮೇಲೆ ಯಾರಿಗೂ ಸಂಶಯ ಬರಲಿಲ್ಲ...

ಆ ತವರು ಗುಡವಿಯ ದಾರಿಯಲ್ಲಿದೆ. ಸೊರಬದ ಶಾಲೆಗೆ ಕೆಲಸಕ್ಕೆ ಬಂದು ವರ್ಷವಾದರೂ ನಾನು ಆ ಕಡೆ ಹೋಗಿರಲಿಲ್ಲ. ಒಲೆ ಆರಿಸಿದ ವಾರವೇ, ಭಾನುವಾರ, ಹೋದೆ.

ಅಕ್ಕ ಇರಲಿಲ್ಲ. ತೀರಿಹೋಗಿ ಎರಡು ವರ್ಷವಾಯಿತು ಎಂದರು ಅವಳ ಅಣ್ಣನ ಹೆಂಡತಿ. ಮಂಗಳವಾರ ಶುಕ್ರವಾರ ಉಪವಾಸವಂತೆ, ಕೊನೆಕೊನೆಗೆ ದಿನವೂ. “ಯಾಕೆ ಅಂತ ಬಾಯಿ ಬಿಡ್ಲಿಲ್ಲ ನೋಡಿ ಅಕ್ಕೋರೆ.” ಟೀಚರನ್ನು ಇಲ್ಲಿ ಹಾಗೆ ಕರೆಯುತ್ತಾರೆ.

ಬಸ್ಸು ತಪ್ಪಿತು, ಉಳಿದೆ. ಊಟಕ್ಕೆ ಕರೆದಾಗ ಅಕ್ಕನ ಮಗಳು ಒಳಗೆ ಬರಲಿಲ್ಲ. ಎಂಟು ವರ್ಷದ ಹುಡುಗಿ, ತಟ್ಟೆಯನ್ನು ಜಗಲಿಗೇ ತರಿಸಿಕೊಂಡಳು. ಒಳಗೆ ಅವಳ ಅತ್ತೆಯ ಎಳೆಗೂಸು ತೊಟ್ಟಿಲಲ್ಲಿತ್ತು.

“ಅವಳದ್ದು ಯಾವಾಗ್ಲೂ ಹಂಗೇ” ಎಂದರು ಅತ್ತೆ.

ನಾನು ಹೊರಗೆ ಹೋಗಿ ಪಕ್ಕದಲ್ಲಿ ಕೂತೆ. ಅವಳು ಅನ್ನ ಕಲಸುತ್ತ, ತೀರಾ ಸಾಧಾರಣ ಸಂಗತಿಯೆಂಬಂತೆ ಹೇಳಿದಳು: “ನಾನು ಹತ್ರ ಹೋದ್ರೆ ಕೂಸಿಗೆ ಆಗ್ಬರಲ್ಲ ಅಕ್ಕೋರೆ. ನನ್ನ ಬದ್ಲಿಗೆ ಒಂದು ಕೂಸು ಹೋಗಿದೆಯಂತೆ. ಅಮ್ಮ ಸಾಯೋವಾಗ ಹೇಳಿದ್ಲು. ಯಾರಿಗೂ ಹೇಳ್ಬೇಡಿ.”

ಮುಚ್ಚಿದ ಆ ಮನೆಯಲ್ಲಿ ಕೂಡ ನನಗೆ ಅಷ್ಟು ಭಯವಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಲಿಲ್ಲ. ಹುಡುಗಿಯನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಆ ದಿನ ಒಳಗಿದ್ದವರು ಇಬ್ಬರಲ್ಲ, ಮೂವರು, ಮೂರನೆಯವಳು ನಾನು ಎಂದೆ. ನಿನ್ನ ಅಮ್ಮ ನಿನ್ನ ಬದಲು ಯಾರನ್ನೂ ಕೊಡಲಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ ಎಂದೆ.

“ನಿಮಗೂ ಹೆದ್ರಿಕೆ ಆಗಿತ್ತಾ?”

“ಆಗಿತ್ತು. ಈಗಲೂ ಆಗ್ತಿದೆ.”

ಒಳಗೆ ಹೋಗಿ, ಅತ್ತೆಯನ್ನು ಕೇಳಿ, ಕೂಸನ್ನು ಎತ್ತಿಕೊಂಡು ಬಂದು ಅವಳ ತೊಡೆಯ ಮೇಲೆ ಮಲಗಿಸಿದೆ. ಅವಳು ಉಸಿರು ಬಿಗಿಹಿಡಿದು ಕೂತಳು. ಕೂಸು ಒಮ್ಮೆ ಸೀನಿತು. ಇಬ್ಬರೂ ಬೆಚ್ಚಿದೆವು. ಆದರೆ ಅದನ್ನು ನಾನು ತಿರುಗಿ ಎತ್ತಿಕೊಳ್ಳಲಿಲ್ಲ.